ಬಂಗಾಳದಲ್ಲಿ ಇವತ್ತು ಯಾವ ಉಪವಾಸ?

ಬಂಗಾಳಿ ಹಬ್ಬ, ವ್ರತಗಳ ಬಗ್ಗೆ ಈ ಸಲ ಪತ್ರಗಳು ರಾಶಿ ಬಿದ್ದಿವೆ. ಕೋಲ್ಕತ್ತಾಗೆ ಕೆಲಸಕ್ಕೆ ಹೋದವರು ಬರೆದಿದ್ದಾರೆ, ಬಂಗಾಳಿ ಮನೆಗೆ ಸೊಸೆಯಾಗಿ ಹೋದವರು ಬರೆದಿದ್ದಾರೆ, ಪಕ್ಕದ ಫ್ಲಾಟ್‌ನವರ ಉಪವಾಸ ನೋಡಿ ಕುತೂಹಲ ಹುಟ್ಟಿದವರೂ ಬರೆದಿದ್ದಾರೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿದ್ದೇನೆ. ನಾನು ಮದುವೆಯಾಗಿ ಹೋಗಿದ್ದು ಉತ್ತರ ಕೋಲ್ಕತ್ತಾದ ಒಂದು ಕೂಡು ಕುಟುಂಬಕ್ಕೆ. ಹಾಗಾಗಿ ಕೆಲವು ಉತ್ತರ ಪಂಚಾಂಗದಿಂದ ಬಂದದ್ದು, ಕೆಲವು ಅತ್ತೆಯ ಅಡುಗೆಮನೆಯಿಂದ.

ಪ್ರಶ್ನೆ: ನಮ್ಮ ಯುಗಾದಿ ಕಳೆದು ವಾರಗಟ್ಟಲೆ ಆದ ಮೇಲೆ ಇಲ್ಲಿ ಹೊಸ ವರ್ಷ, ಅದೂ ವೈಶಾಖದಲ್ಲಿ. ಶಿವರಾತ್ರಿ ನಮಗೆ ಮಾಘ ಮಾಸ, ಇವರು ಫಾಲ್ಗುಣ ಅನ್ನುತ್ತಾರೆ. ರಾತ್ರಿ ಒಂದೇ, ತಿಂಗಳು ಮಾತ್ರ ಬೇರೆ. ಹೇಗೆ?
— ಕೋಲ್ಕತ್ತಾದಲ್ಲಿ ಬ್ಯಾಂಕ್ ಕೆಲಸದಲ್ಲಿರುವ ಓದುಗ

ಉತ್ತರ: ಬಂಗಾಳಿಗಳು ತಿಂಗಳನ್ನು ಸೂರ್ಯನಿಂದ ಎಣಿಸುತ್ತಾರೆ, ಹಬ್ಬವನ್ನು ಚಂದ್ರನಿಂದ. ಇದೊಂದು ಗೊತ್ತಾದರೆ ಅರ್ಧ ಗೊಂದಲ ಕಳೆದ ಹಾಗೆ. ಸೂರ್ಯ ಮೇಷ ರಾಶಿಗೆ ಬಂದ ಮೇಲೆ ವೈಶಾಖದ ಮೊದಲ ದಿನ, ಅದೇ ಪೊಯ್ಲಾ ಬೋಯ್ಶಾಖ್. ನಮ್ಮ ಕರಾವಳಿಯ ಬಿಸು ಹಬ್ಬದ ಲೆಕ್ಕವೂ ಇದೇ, ಒಂದು ದಿನ ಆಚೀಚೆ ಆಗುತ್ತದೆ ಅಷ್ಟೇ. ಯಾಕೆಂದರೆ ಬಂಗಾಳದಲ್ಲಿ ಸಂಕ್ರಾಂತಿಯ ದಿನ ಹಳೇ ತಿಂಗಳ ಕೊನೇ ದಿನ, ಹೊಸ ತಿಂಗಳು ಮರುದಿನದಿಂದ. 2025ರಲ್ಲಿ ನಮ್ಮ ಯುಗಾದಿ ಮಾರ್ಚ್ 30ಕ್ಕೆ ಬಂತು, ಅವರ ಹೊಸ ವರ್ಷ ಏಪ್ರಿಲ್ 15ಕ್ಕೆ.

ಆದರೆ ಶಿವರಾತ್ರಿ, ಜನ್ಮಾಷ್ಟಮಿ, ದುರ್ಗಾ ಪೂಜೆ ಎಲ್ಲ ತಿಥಿಯ ಹಬ್ಬಗಳು. ತಿಥಿ ಇಲ್ಲೂ ಅದೇ, ಅಲ್ಲೂ ಅದೇ. ಆ ರಾತ್ರಿ ಸೌರಮಾನದ ಯಾವ ತಿಂಗಳಲ್ಲಿ ಬಿತ್ತೋ ಆ ಹೆಸರು ಹೇಳುತ್ತಾರೆ. ಫೆಬ್ರವರಿ ಮಧ್ಯದಿಂದ ಅವರಿಗೆ ಫಾಲ್ಗುಣ ಶುರು, ಹಾಗಾಗಿ ಶಿವರಾತ್ರಿ ಸಾಮಾನ್ಯವಾಗಿ ಫಾಲ್ಗುಣದಲ್ಲಿ. ಗೋಡೆಯ ಕ್ಯಾಲೆಂಡರ್ ನೋಡಿದರೆ ಇನ್ನೊಂದು ವಿಷಯ ಗೊತ್ತಾಗುತ್ತದೆ. ವಿಶ್ವಕರ್ಮ ಪೂಜೆ ಹೆಚ್ಚುಕಡಿಮೆ ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೇ ಬರುತ್ತದೆ, ಅಲ್ವಾ? ಅದು ಭಾದ್ರ ಸಂಕ್ರಾಂತಿ, ಸೂರ್ಯನ ಹಬ್ಬ. ದುರ್ಗಾ ಪೂಜೆ ಮಾತ್ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಓಡಾಡುತ್ತಾ ಇರುತ್ತದೆ, ಅದು ಚಂದ್ರನದ್ದು.

ವರ್ಷದ ಸಂಖ್ಯೆಯನ್ನೂ ಕೆಲವರು ಕೇಳಿದ್ದಾರೆ. 2025ರ ಏಪ್ರಿಲ್‌ನಲ್ಲಿ ಶುರುವಾದದ್ದು ಬಂಗಾಬ್ದ 1432. ಇದರ ಮೂಲದ ಬಗ್ಗೆ ಎರಡು ವಾದಗಳಿವೆ. 7ನೇ ಶತಮಾನದ ಗೌಡ ದೇಶದ ರಾಜ ಶಶಾಂಕನ ಕಾಲದ್ದು ಎನ್ನುವವರಿದ್ದಾರೆ. ಅಕ್ಬರನ ಕಾಲದ್ದು ಎನ್ನುವವರೂ ಇದ್ದಾರೆ, ಚಾಂದ್ರಮಾನದ ಹಿಜರಿ ವರ್ಷ ಬೆಳೆಯ ಕಾಲಕ್ಕೆ ಹೊಂದದೆ ಕಂದಾಯ ವಸೂಲಿ ಕಷ್ಟವಾಗುತ್ತಿತ್ತು, ಅದಕ್ಕೇ ಸೌರ ಲೆಕ್ಕ ತಂದರು ಎಂದು. ಅಕ್ಬರ್ ಪಟ್ಟಕ್ಕೆ ಬಂದ 1556, ಹಿಜರಿ 963. ಅಲ್ಲಿಂದ 2025ಕ್ಕೆ 469 ವರ್ಷ. 963ಕ್ಕೆ 469 ಕೂಡಿಸಿ, ಸರಿಯಾಗಿ 1432 ಬರುತ್ತದೆ. ಇಷ್ಟು ಚೆನ್ನಾಗಿ ಕೂಡುವ ಲೆಕ್ಕವನ್ನು ಸುಮ್ನೆ ತಳ್ಳಿಹಾಕುವುದು ಕಷ್ಟ ಅಂತ ನನಗೆ ಅನಿಸುತ್ತದೆ. ಆದರೂ ಇತಿಹಾಸಕಾರರ ಜಗಳ ಇನ್ನೂ ಮುಗಿದಿಲ್ಲ.

ಪ್ರಶ್ನೆ: ಢಾಕಾದಲ್ಲಿ ಏಪ್ರಿಲ್ 14, ಕೋಲ್ಕತ್ತಾದಲ್ಲಿ 15. ಯಾವುದು ಸರಿ?

ಉತ್ತರ: ಎರಡೂ. ಬಾಂಗ್ಲಾದೇಶದಲ್ಲಿ ಬಾಂಗ್ಲಾ ಅಕಾಡೆಮಿಯ ಸುಧಾರಣೆಯ ನಂತರ ಹೊಸ ವರ್ಷವನ್ನು ಏಪ್ರಿಲ್ 14ಕ್ಕೆ ಗಟ್ಟಿ ಮಾಡಿದರು. ಪಶ್ಚಿಮ ಬಂಗಾಳ ಹಳೇ ಲೆಕ್ಕದಲ್ಲೇ ಇದೆ. ಬಾಂಗ್ಲಾದೇಶದ ಹಿಂದೂ ಮನೆಗಳಲ್ಲಿ ಪೂಜೆ, ವ್ರತಕ್ಕೆ ಈಗಲೂ ಹಳೇ ಪಂಚಾಂಗವೇ. 14ಕ್ಕೆ ಊರ ಜೊತೆ ಹೊಸ ವರ್ಷ, 15ಕ್ಕೆ ಮನೆಯಲ್ಲಿ ಪೂಜೆ. ಅವರಿಗೆ ಅದು ರೂಢಿಯಾಗಿದೆ.

ಪ್ರಶ್ನೆ: ನಮ್ಮ ಅತ್ತೆ ಮನೆಯಲ್ಲಿ ಒಂದು ಪಂಚಾಂಗ, ಚಿಕ್ಕತ್ತೆ ಮನೆಯಲ್ಲಿ ಇನ್ನೊಂದು. ದುರ್ಗಾ ಪೂಜೆಯ ಅಷ್ಟಮಿಗೆ ದೇವಿಗೆ ಹೂ ಅರ್ಪಿಸುವ ಅಂಜಲಿ ಯಾವಾಗ ಎಂದು ಪ್ರತಿ ವರ್ಷ ಫೋನಿನಲ್ಲಿ ವಾದ. ಮಧ್ಯೆ ನಾನು ಹಸಿದು ಕೂತಿರುತ್ತೇನೆ. ಯಾರ ಮಾತು ಕೇಳಲಿ?
— ಹೌರಾದಲ್ಲಿರುವ ಕನ್ನಡದ ಸೊಸೆ

ಉತ್ತರ: ಈ ವಾದಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸ ಇದೆ, ನಿಮ್ಮ ಮನೆಯಲ್ಲಿ ಮುಗಿಯುವುದಿಲ್ಲ! ಪಂಚಾಂಗಕ್ಕೆ ಅಲ್ಲಿ ಪಂಜಿಕಾ ಅನ್ನುತ್ತಾರೆ. ಗುಪ್ತಾ ಪ್ರೆಸ್ ಪಂಜಿಕಾ 1869ರಿಂದ ಅಚ್ಚಾಗುತ್ತಿದೆ. ಪಿ.ಎಂ. ಬಾಗ್ಚಿ ಪಂಜಿಕಾ ಇದೆ. ಇವು ಸೂರ್ಯಸಿದ್ಧಾಂತದ ಹಳೇ ಲೆಕ್ಕದಲ್ಲಿ ಹೋಗುವವು. ಆ ಲೆಕ್ಕದಲ್ಲಿ ಬರುವ ಗ್ರಹಗಳ ಜಾಗಕ್ಕೂ ಆಕಾಶದಲ್ಲಿ ಕಾಣುವ ಜಾಗಕ್ಕೂ ವ್ಯತ್ಯಾಸ ಬಂದಿದೆ ಎಂದು ಮಾಧವ ಚಂದ್ರ ಚಟ್ಟೋಪಾಧ್ಯಾಯ ಎನ್ನುವವರು 1890ರಲ್ಲಿ ಬಿಶುದ್ಧ ಸಿದ್ಧಾಂತ ಪಂಜಿಕಾ ಶುರುಮಾಡಿದರು. ಅವರು ವೃತ್ತಿಯಲ್ಲಿ ಎಂಜಿನಿಯರ್. ಬೇಲೂರು ಮಠ, ಅಂದರೆ ರಾಮಕೃಷ್ಣ ಮಠದ ಕೇಂದ್ರ, ಈ ಬಿಶುದ್ಧ ಸಿದ್ಧಾಂತವನ್ನೇ ನೋಡುತ್ತದೆ. ನಮ್ಮಲ್ಲೂ ಸೂರ್ಯಸಿದ್ಧಾಂತದ ಪಂಚಾಂಗ, ದೃಗ್ಗಣಿತದ ಪಂಚಾಂಗ ಅಂತ ಎರಡಿಲ್ವಾ, ಅದೇ ಕಥೆ.

ಎರಡು ಲೆಕ್ಕದ ನಡುವೆ ತಿಥಿ ಮುಗಿಯುವ ಹೊತ್ತು ಕೆಲವು ಸಲ ಕೆಲವೇ ನಿಮಿಷ ಬೇರೆ, ಕೆಲವು ಸಲ ನಾಲ್ಕೈದು ಗಂಟೆ ಬೇರೆ. ಬೇರೆ ಹಬ್ಬಗಳಿಗೆ ಇದು ಅಷ್ಟು ದೊಡ್ಡದಲ್ಲ. ಆದರೆ ದುರ್ಗಾ ಪೂಜೆಯಲ್ಲಿ ಸಂಧಿ ಪೂಜೆ ಅಂತ ಒಂದಿದೆ ನೋಡಿ. ಅಷ್ಟಮಿಯ ಕೊನೆಯ 24 ನಿಮಿಷ, ನವಮಿಯ ಮೊದಲ 24 ನಿಮಿಷ, ಒಟ್ಟು 48 ನಿಮಿಷದೊಳಗೆ ಇಡೀ ಪೂಜೆ ಮುಗಿಯಬೇಕು. 108 ತಾವರೆ, 108 ದೀಪ. ಅದು ನಡುರಾತ್ರಿ ಬಂದರೆ ನಡುರಾತ್ರಿ, ಮಧ್ಯಾಹ್ನ ಬಂದರೆ ಮಧ್ಯಾಹ್ನ. ದೀಪ ಹಚ್ಚಲು ಮನೆಯ ಹೆಂಗಸರು, ಮಕ್ಕಳು ಎಲ್ಲರೂ ಸಾಲಾಗಿ ಕೂತು, ಒಬ್ಬರು ಗಡಿಯಾರ ನೋಡುತ್ತಾ, ಢಾಕ್ ಬಾರಿಸುವವನು ಕೈ ಎತ್ತಿ ಕಾಯುತ್ತಾ ಇರುತ್ತಾನೆ. ಇಷ್ಟು ನಿಖರವಾದ ಪೂಜೆಗೆ ಪಂಜಿಕಾ ಬೇರೆಯಾದರೆ ಒಂದು ಬೀದಿಯ ಪೆಂಡಾಲ್‌ನಲ್ಲಿ ಶಂಖ ಊದುವಾಗ ಪಕ್ಕದ ಬೀದಿಯಲ್ಲಿ ಇನ್ನೂ ಬತ್ತಿ ಹೊಸೆಯುತ್ತಿರುತ್ತಾರೆ.

ನೀವು ಏನು ಮಾಡಬೇಕು? ನೀವು ಯಾವ ಮನೆಯಲ್ಲಿದ್ದೀರೋ ಆ ಮನೆಯ ಪಂಜಿಕಾ. ಪೆಂಡಾಲ್‌ನಲ್ಲಿ ಅಂಜಲಿ ಕೊಡುವುದಾದರೆ ಆ ಪೆಂಡಾಲ್‌ನ ಪುರೋಹಿತರ ಪಂಜಿಕಾ. ಎರಡನ್ನೂ ಕಲಸಿ ಬೆಳಗ್ಗಿನಿಂದ ರಾತ್ರಿವರೆಗೆ ಹಸಿದು ಕೂರುವ ಅಗತ್ಯ ಇಲ್ಲವೇ ಇಲ್ಲ. ಅಂಜಲಿಗೆ ಖಾಲಿ ಹೊಟ್ಟೆ ಬೇಕು, ಅಂಜಲಿ ಆದ ಮೇಲೆ ಪ್ರಸಾದ ತಿಂದು ಲುಚಿ ತಿನ್ನಿ.

ಪ್ರಶ್ನೆ: ಅವರು ಉಪವಾಸ ಅನ್ನುತ್ತಾರೆ, ಆಮೇಲೆ ಲುಚಿ, ಆಲೂಗಡ್ಡೆ ಪಲ್ಯ ತಿನ್ನುತ್ತಾರೆ. ಲುಚಿ ಅಂದರೆ ಮೈದಾ ಪೂರಿ. ಇದ್ಯಾವ ಉಪವಾಸ?

ಉತ್ತರ: ಕೇಳಿದ ಧಾಟಿ ನನಗೆ ಹಿಡಿಸಲಿಲ್ಲ, ಆದರೂ ಪ್ರಶ್ನೆ ನ್ಯಾಯವಾದದ್ದು. ಬಂಗಾಳಿಗೆ ಊಟ ಎಂದರೆ ಅನ್ನ. ಅನ್ನ ಬಿಟ್ಟರೆ ಅವನ ಮಟ್ಟಿಗೆ ಊಟ ಬಿಟ್ಟ ಹಾಗೆಯೇ. ಅದಕ್ಕೇ ಎಷ್ಟೋ ವ್ರತಗಳಲ್ಲಿ ನಿಯಮ ಅನ್ನ ತಿನ್ನಬಾರದು ಎಂದಷ್ಟೇ ಇರುತ್ತದೆ, ಗೋಧಿ ನಡೆಯುತ್ತದೆ. ನಮ್ಮಲ್ಲೂ ಒಪ್ಪತ್ತಿನ ದಿನ ರಾತ್ರಿ ಅನ್ನ ಬಿಟ್ಟು ಉಪ್ಪಿಟ್ಟು, ಅವಲಕ್ಕಿ ತಿನ್ನುವ ಮನೆಗಳು ಎಷ್ಟಿಲ್ಲ?

ಏಕಾದಶಿ ವಿಷಯ ಬೇರೆ, ಅಲ್ಲಿ ಎರಡು ದಾರಿ ಇದೆ. ಸ್ಮಾರ್ತ ಮನೆಗಳಲ್ಲಿ ಅನ್ನ ಬಿಟ್ಟು ಹಣ್ಣು, ಹಾಲು, ಸಾಬೂದಾನಿ. ಕೆಲವರು ಲುಚಿ, ರೊಟ್ಟಿಯನ್ನೂ ತಿನ್ನುತ್ತಾರೆ. ಚೈತನ್ಯ ಮಹಾಪ್ರಭುಗಳ ಪರಂಪರೆಯ ವೈಷ್ಣವ ಮನೆಗಳಲ್ಲಿ ಅಕ್ಕಿ, ಗೋಧಿ, ಜವೆ, ಬೇಳೆ, ಸಾಸಿವೆ ಯಾವುದೂ ಇಲ್ಲ. ಸಾಸಿವೆ ಎಣ್ಣೆ ಇಲ್ಲದೆ ಬಂಗಾಳಿ ಅಡುಗೆಮನೆಯಲ್ಲಿ ಒಗ್ಗರಣೆಯೇ ಇಲ್ಲ, ಆ ದಿನ ಅದೂ ಪಕ್ಕಕ್ಕೆ. ದಿನ ಕೂಡ ಬೇರೆ ಆಗಬಹುದು. ಪಂಜಿಕಾದಲ್ಲಿ ಸ್ಮಾರ್ತರಿಗೆ ಇವತ್ತು, ಗೋಸ್ವಾಮಿ ಮತದವರಿಗೆ ನಾಳೆ ಎಂದು ಬರೆದಿರುತ್ತದೆ. ಸೂರ್ಯೋದಯಕ್ಕೆ ಮುಂಚಿನ 96 ನಿಮಿಷದ ಅರುಣೋದಯದಲ್ಲಿ ದಶಮಿಯ ಸೋಂಕು ಇದ್ದರೆ ವೈಷ್ಣವರು ಆ ದಿನ ಬಿಟ್ಟು ದ್ವಾದಶಿಗೆ ಉಪವಾಸ ಮಾಡುತ್ತಾರೆ. ಮಾಧ್ವರ ಮನೆಯವರಿಗೆ ಇದು ಹೊಸತೇನಲ್ಲ, ಅವರ ಲೆಕ್ಕವೂ ಹೀಗೇ.

ಪ್ರಶ್ನೆ: ಈ ಷಷ್ಠಿಗಳು ಎಷ್ಟು? ಮಗು ಹುಟ್ಟಿದ ಮೇಲೆ ಅತ್ತೆ ಒಂದರ ಹಿಂದೆ ಒಂದು ಹೇಳುತ್ತಿದ್ದಾರೆ. ಎಲ್ಲ ಮಾಡಬೇಕಾ?
— ಹೊಸ ತಾಯಿ

ಉತ್ತರ: ಮೊದಲು ನಿಮಗೂ ಮಗುವಿಗೂ ಒಳ್ಳೆಯದಾಗಲಿ. ಷಷ್ಠಿ ಎಂದರೆ ಅಲ್ಲಿ ಬರೀ ತಿಥಿಯಲ್ಲ, ದೇವಿ. ಮಕ್ಕಳನ್ನು ಕೊಡುವವಳು, ಕಾಯುವವಳು. ಅವಳ ವಾಹನ ಬೆಕ್ಕು. ಕದ್ದು ತಿಂದು ಬೆಕ್ಕಿನ ಮೇಲೆ ತಪ್ಪು ಹೊರಿಸಿದ ಸೊಸೆಯ ವ್ರತಕಥೆಯನ್ನು ನಿಮ್ಮ ಅತ್ತೆ ಇಷ್ಟರಲ್ಲೇ ಹೇಳಿರಬೇಕು. ಹಾಗಾಗಿ ಷಷ್ಠಿ ಮಾಡುವ ಮನೆಯಲ್ಲಿ ಬೆಕ್ಕಿಗೆ ಹೊಡೆಯುವುದಿಲ್ಲ.

ವರ್ಷವಿಡೀ ತಿಂಗಳಿಗೊಂದು ಷಷ್ಠಿ ಇದ್ದರೂ ಹೆಚ್ಚು ಮನೆಗಳಲ್ಲಿ ಉಳಿದಿರುವುದು ಕೆಲವೇ. ಜ್ಯೇಷ್ಠ ಶುದ್ಧದ ಅರಣ್ಯ ಷಷ್ಠಿ, ಇದನ್ನೇ ಈಗ ಜಾಮಾಯ್ ಷಷ್ಠಿ ಅನ್ನುವುದು. ಆಶ್ವಿನದ ದುರ್ಗಾ ಷಷ್ಠಿ. ಮಾಘದ ಶೀತಲ ಷಷ್ಠಿ. ಚೈತ್ರದ ಅಶೋಕ ಷಷ್ಠಿ. ಇವುಗಳ ಜೊತೆ ನೀಲ್ ಷಷ್ಠಿ. ಹೆಸರಿಗೆ ಷಷ್ಠಿಯಾದರೂ ಅದು ಆ ತಿಥಿಗೆ ಬರುವುದಲ್ಲ, ಚೈತ್ರ ಸಂಕ್ರಾಂತಿಯ ಹಿಂದಿನ ದಿನ, ಅಂದರೆ ಸಾಮಾನ್ಯವಾಗಿ ಏಪ್ರಿಲ್ 13ರ ಆಸುಪಾಸು.

ಜಾಮಾಯ್ ಷಷ್ಠಿ ಅಂದರೆ ಅಳಿಯನಿಗೆ ಹಿಲ್ಸಾ ಮೀನು, ಮಾವಿನಹಣ್ಣು, ಮಿಷ್ಟಿ ದೊಯ್ ಬಡಿಸುವ ಹಬ್ಬ ಎಂದೇ ಹೊರಗಿನವರು ತಿಳಿದಿದ್ದಾರೆ. ಅಂಗಡಿಯವರ ಜಾಹೀರಾತೂ ಹಾಗೇ ಇರುತ್ತದೆ. ಆದರೆ ಬೆಳಗ್ಗೆ ಪೂಜೆಯ ಹೊತ್ತಿಗೆ ಹೋಗಿ ನೋಡಿ. ಅತ್ತೆ ಏನೂ ತಿಂದಿರುವುದಿಲ್ಲ. ಹೊಸ ತಾಳೆಗರಿ ಬೀಸಣಿಗೆ, ಅದರ ಮೇಲೆ ಗರಿಕೆ, ಬಿದಿರೆಲೆ, ಹಣ್ಣು. ಅರಿಸಿನ ಹಚ್ಚಿದ ದಾರ. ಬೀಸಣಿಗೆಯನ್ನು ನೀರಿನಲ್ಲಿ ಅದ್ದಿ ಮಗಳಿಗೆ, ಅಳಿಯನಿಗೆ, ಮೊಮ್ಮಕ್ಕಳಿಗೆ ಒಬ್ಬೊಬ್ಬರಿಗೇ ಬೀಸುತ್ತಾ ‘ಷಾಟ್ ಷಾಟ್’ ಅನ್ನುತ್ತಾರೆ. ಜೂನ್ ಸೆಕೆಯಲ್ಲಿ ಆ ತಣ್ಣನೆ ಹನಿ ಮುಖಕ್ಕೆ ಬೀಳುತ್ತದೆ. ಮಕ್ಕಳು ಎರಡನೇ ಸಲ ಬೀಸಿಸಿಕೊಳ್ಳಲು ಮತ್ತೆ ಸಾಲಿನಲ್ಲಿ ನಿಲ್ಲುತ್ತವೆ. ಅಳಿಯ ಇದರಲ್ಲಿ ಒಬ್ಬ ಅಷ್ಟೇ, ವ್ರತ ಮಗಳ ಮನೆ ಚೆನ್ನಾಗಿರಲಿ, ಅವಳ ಮಕ್ಕಳು ಬದುಕಲಿ ಎಂದು. ಹಿಂದೆ ಎಷ್ಟು ಮಕ್ಕಳು ಹುಟ್ಟಿ ಉಳಿಯದೇ ಹೋಗುತ್ತಿದ್ದವು ಎಂದು ನೆನೆದರೆ ಈ ಷಷ್ಠಿಗಳ ಹಿಂದಿನ ಭಯ ಅರ್ಥ ಆಗುತ್ತದೆ.

ಶೀತಲ ಷಷ್ಠಿ ಸರಸ್ವತಿ ಪೂಜೆಯ ಮರುದಿನ. ಅವತ್ತು ಒಲೆ ಹಚ್ಚುವುದಿಲ್ಲ, ಅರೆಯುವ ಕಲ್ಲಿಗೂ ವಿಶ್ರಾಂತಿ, ಅದಕ್ಕೆ ಹಳದಿ ಬಟ್ಟೆ ಹೊದಿಸಿ ಪೂಜೆ. ಹಿಂದಿನ ರಾತ್ರಿಯೇ ಚಿಕ್ಕ ಆಲೂಗಡ್ಡೆ, ಚಿಕ್ಕ ಬದನೆ, ಅವರೆ, ಬಟಾಣಿ, ಕಾಳು ಎಲ್ಲವನ್ನೂ ಹೆಚ್ಚದೆ ಇಡಿಯಾಗಿ ಬೇಯಿಸಿ ಇಡುತ್ತಾರೆ. ಗೋಟಾ ಸೆದ್ಧೊ ಅಂತ ಹೆಸರು. ಬೆಳಗ್ಗೆ ತಣ್ಣಗೆ ತಿನ್ನುವುದು. ಇದು ಜಾಸ್ತಿ ಪಶ್ಚಿಮ ಬಂಗಾಳದ ಮೂಲದವರ ಮನೆಯ ಪದ್ಧತಿ. ಪೂರ್ವ ಬಂಗಾಳದಿಂದ ಬಂದ ಎಷ್ಟೋ ಮನೆಗಳಲ್ಲಿ ಇಲ್ಲ. ನಿಮ್ಮ ಅತ್ತೆ ಮನೆ ಯಾವುದು ಎಂದು ಕೇಳಿಕೊಳ್ಳಿ.

ನೀಲ್ ಷಷ್ಠಿ ಕಷ್ಟದ್ದು. ಏಪ್ರಿಲ್ ಬಿಸಿಲು, ದಿನವಿಡೀ ಉಪವಾಸ, ಸಂಜೆ ಶಿವನಿಗೆ ನೀರು, ಬಿಲ್ವ, ಎಕ್ಕದ ಹೂವು, ಮಗುವಿನ ಹೆಸರಲ್ಲಿ ಒಂದು ದೀಪ. ಆಮೇಲೆ ಹಣ್ಣು, ಸಾಬೂದಾನಿ. ಅವತ್ತೂ ಅನ್ನ ಇಲ್ಲ. ಮರುದಿನ ಚಡಕ್ ಜಾತ್ರೆ.

ಎಲ್ಲ ಮಾಡಬೇಕಾ ಎಂದಿರಿ. ಹಾಲುಣಿಸುವ ತಾಯಿ ನೀರು ಬಿಟ್ಟು ಉಪವಾಸ ಮಾಡಬಾರದು. ಮಗುವಿನ ಒಳಿತಿಗೆ ಮಾಡುವ ವ್ರತದಲ್ಲಿ ಮಗುವಿಗೇ ಹಾಲು ಕಡಿಮೆಯಾದರೆ ಷಷ್ಠಿಗೆ ಅದು ಇಷ್ಟವಾಗುತ್ತದಾ? ಅತ್ತೆಗೆ ಹೀಗೆ ಹೇಳಿ: ಈ ವರ್ಷ ನೀವು ಉಪವಾಸ ಮಾಡಿ, ದೀಪ ನಾನು ಹಚ್ಚುತ್ತೇನೆ. ಎಷ್ಟೋ ಮನೆಗಳಲ್ಲಿ ಹೀಗೆ ಅಜ್ಜಿಯೇ ಮೊಮ್ಮಗುವಿನ ವ್ರತ ಹಿಡಿಯುತ್ತಾಳೆ, ಅದೂ ಸಂತೋಷದಿಂದ.

ಪ್ರಶ್ನೆ: ಮಹಾಲಯ ಆದ ಆರನೇ ದಿನಕ್ಕೆ ಪೂಜೆ ಶುರು ಅಲ್ವಾ? 2020ರಲ್ಲಿ ಒಂದು ತಿಂಗಳಿಗಿಂತ ಜಾಸ್ತಿ ಕಾದದ್ದು ನೆನಪಿದೆ.

ಉತ್ತರ: ನಿಮ್ಮ ನೆನಪು ಸರಿ. ಆ ವರ್ಷ ಮಹಾಲಯ ಸೆಪ್ಟೆಂಬರ್ 17, ಷಷ್ಠಿ ಅಕ್ಟೋಬರ್ 22. ಮಧ್ಯೆ ಅಧಿಕ ಆಶ್ವಿನ ಬಂದಿತ್ತು. ಒಂದು ಚಾಂದ್ರ ಮಾಸದೊಳಗೆ ಸಂಕ್ರಾಂತಿಯೇ ಬೀಳದಿದ್ದರೆ ಅದು ಅಧಿಕ, ಬಂಗಾಳಿಯಲ್ಲಿ ಮಲಮಾಸ. ಅದರಲ್ಲಿ ದೊಡ್ಡ ಪೂಜೆ ಇಲ್ಲ. ನಮ್ಮ ನವರಾತ್ರಿಯೂ ಆ ವರ್ಷ ಹಾಗೇ ತಡವಾಯಿತು. ಸೌರ ಲೆಕ್ಕದಲ್ಲಿ ಆ ಪೂಜೆ ಕಾರ್ತಿಕದಲ್ಲಿ ಬಿತ್ತು. ಆಶ್ವಿನದ ಪೂಜೆ ಕಾರ್ತಿಕದಲ್ಲಿ, ಮೊದಲ ಉತ್ತರದಲ್ಲಿ ಹೇಳಿದ ಎರಡು ಲೆಕ್ಕ ಇಲ್ಲಿ ಮತ್ತೆ ಕಾಣುತ್ತದೆ ನೋಡಿ.

ಪ್ರಶ್ನೆ: ಅಷ್ಟಮಿಗೆ ಉಪವಾಸ, ನವಮಿಗೆ ಮಟನ್. ದೇವಿ ಇನ್ನೂ ಮನೆಯಲ್ಲೇ ಇರುವಾಗ ಹೇಗೆ ತಿನ್ನುತ್ತಾರೆ? ಬೇಜಾರು ಮಾಡಿಕೊಳ್ಳಬೇಡಿ, ನಿಜವಾಗಿ ಅರ್ಥವಾಗುತ್ತಿಲ್ಲ.

ಉತ್ತರ: ಬೇಜಾರಿಲ್ಲ. ಬಂಗಾಳದ ದುರ್ಗಾ ಪೂಜೆ ಶಾಕ್ತ ಪರಂಪರೆಯದ್ದು, ಅಲ್ಲಿ ದೇವಿಗೆ ಬಲಿ ಕೊಡುವ ಪದ್ಧತಿ ಹಿಂದಿನಿಂದ ಇತ್ತು. ಬಲಿಯ ಮಾಂಸ ಪ್ರಸಾದ, ಅದನ್ನು ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಶುಂಠಿ, ಜೀರಿಗೆಯಲ್ಲಿ ಮಾಡುತ್ತಾರೆ. ಈರುಳ್ಳಿ ಇಲ್ಲದ ಆ ಮಾಂಸಕ್ಕೆ ನಿರಾಮಿಷ್ ಮಾಂಗ್ಷೋ, ಅಂದರೆ ‘ಸಸ್ಯಾಹಾರಿ ಮಾಂಸ’ ಎಂದೇ ಕರೆಯುತ್ತಾರೆ! ಈಗ ಎಷ್ಟೋ ಹಳೇ ಮನೆಗಳಲ್ಲಿ ಬೂದುಗುಂಬಳ, ಕಬ್ಬು ಕಡಿದು ಬಲಿಯ ಶಾಸ್ತ್ರ ಮುಗಿಸುತ್ತಾರೆ. ವೈಷ್ಣವ ಮನೆಗಳ ದುರ್ಗಾ ಪೂಜೆಯಲ್ಲಿ ಮಾಂಸದ ಮಾತೇ ಇಲ್ಲ. ಅಲ್ಲಿಯವರ ಮನಸ್ಸಿನಲ್ಲಿ ದೇವಿ ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದ ಮಗಳು. ಮಗಳು ಬಂದಾಗ ಮನೆಯಲ್ಲಿ ಒಳ್ಳೆಯ ಅಡುಗೆ ಆಗುತ್ತದೆ. ನಿಮಗೆ ಒಪ್ಪದಿದ್ದರೆ ತಿನ್ನಬೇಡಿ. ಆದರೆ ಭಕ್ತಿ ಕಡಿಮೆ ಎಂದು ಮಾತ್ರ ಅಂದುಕೊಳ್ಳಬೇಡಿ. ಸಂಧಿ ಪೂಜೆಯ ಹೊತ್ತಿನಲ್ಲಿ ಅವರ ಕಣ್ಣು ನೋಡಿದವರು ಹಾಗೆ ಹೇಳುವುದಿಲ್ಲ.

ಗಣೇಶನ ಪಕ್ಕದಲ್ಲಿ ಸೀರೆ ಉಟ್ಟು ನಿಂತ ಬಾಳೆಗಿಡ ಅವನ ಹೆಂಡತಿಯಾ ಎಂದು ಮತ್ತೊಬ್ಬರು ಕೇಳಿದ್ದಾರೆ. ಜನ ಕೊಲಾ ಬೌ, ಅಂದರೆ ಬಾಳೆ ವಧು ಎಂದು ಕರೆಯುತ್ತಾರೆ ನಿಜ, ಆದರೆ ಅದು ದುರ್ಗೆಯೇ. ಬಾಳೆ, ಕೆಸು, ಅರಿಸಿನ, ಜಯಂತಿ, ಬಿಲ್ವ, ದಾಳಿಂಬೆ, ಅಶೋಕ, ಮಾನಕಚು, ಭತ್ತ, ಈ ಒಂಬತ್ತು ಗಿಡ ಕಟ್ಟಿದ ನವಪತ್ರಿಕೆ. ಸಪ್ತಮಿಯ ಬೆಳಗ್ಗೆ ಗಂಗೆಯಲ್ಲಿ ಸ್ನಾನ ಮಾಡಿಸಿ ತರುತ್ತಾರೆ.

ಪ್ರಶ್ನೆ: ಪಂಜಿಕಾದಲ್ಲಿ ತ್ರಯೋದಶಿಗೆ ಬದನೆ ತಿನ್ನಬಾರದು ಎಂದಿದೆಯಂತೆ. ನಿಜವಾ?

ಉತ್ತರ: ನಿಜ. ಪಾಡ್ಯಕ್ಕೆ ಕುಂಬಳ, ಚೌತಿಗೆ ಮೂಲಂಗಿ, ಅಷ್ಟಮಿಗೆ ತೆಂಗಿನಕಾಯಿ, ನವಮಿಗೆ ಸೋರೆಕಾಯಿ, ತ್ರಯೋದಶಿಗೆ ಬದನೆ, ಹೀಗೆ ತಿಥಿಗೊಂದು ನಿಷೇಧ. ಈಗ ಪಾಲಿಸುವವರು ತೀರಾ ಕಡಿಮೆ. ಪಾಲಿಸುತ್ತಿರುವುದು ಬೇರೆ ಒಂದು: ಸರಸ್ವತಿ ಪೂಜೆಗೆ ಮುಂಚೆ ಬೋರೆಹಣ್ಣು ತಿನ್ನುವುದಿಲ್ಲ. ಶಾಲೆಯ ಮಕ್ಕಳಂತೂ ತಿಂದರೆ ಪರೀಕ್ಷೆಯಲ್ಲಿ ಫೇಲು ಎಂದು ಗಟ್ಟಿಯಾಗಿ ನಂಬುತ್ತವೆ. ಕಾಳಿ ಪೂಜೆಯ ಹಿಂದಿನ ದಿನ, ಭೂತ ಚತುರ್ದಶಿಗೆ, ಹದಿನಾಲ್ಕು ತರಹದ ಸೊಪ್ಪು ತಿಂದು ಹದಿನಾಲ್ಕು ದೀಪ ಹಚ್ಚುವುದೂ ಉಳಿದಿದೆ. ಸೊಪ್ಪು ಮಾರುವವರು ಅವತ್ತು ಹದಿನಾಲ್ಕನ್ನೂ ಹೆಚ್ಚಿ ಒಟ್ಟಿಗೇ ಕೊಡುತ್ತಾರೆ.

ಪ್ರಶ್ನೆ: ಮದುವೆಗೆ ಪೌಷ ಬೇಡ, ಚೈತ್ರ ಬೇಡ ಅನ್ನುತ್ತಾರೆ ಬೀಗರು. ಒಪ್ಪಬೇಕಾ?

ಉತ್ತರ: ಒಪ್ಪಿ. ಭಾದ್ರ, ಪೌಷ, ಚೈತ್ರದಲ್ಲಿ ಅವರು ಮದುವೆ ಮಾಡುವುದಿಲ್ಲ. ಅವರ ಚೈತ್ರ ಅಂದರೆ ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯ, ಪೌಷ ಅಂದರೆ ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ. ಮಾತುಕತೆಯಲ್ಲಿ ತಿಂಗಳ ಹೆಸರು ಬಿಟ್ಟು ತಾರೀಕು ಹೇಳಿ, ಇಲ್ಲದಿದ್ದರೆ ಒಬ್ಬರ ಚೈತ್ರ ಇನ್ನೊಬ್ಬರ ವೈಶಾಖ ಆಗಿ ಛತ್ರ ಕೈತಪ್ಪುತ್ತದೆ.

ಪ್ರಶ್ನೆ: ನನ್ನ ಗಂಡನ ಅಜ್ಜಿಗೆ ಎಂಬತ್ತು ದಾಟಿದೆ, ಸಕ್ಕರೆ ಕಾಯಿಲೆ ಇದೆ. ಅಂಬುಬಾಚಿಯ ಮೂರು ದಿನ ಬೇಯಿಸಿದ್ದು ಏನೂ ಮುಟ್ಟುವುದಿಲ್ಲ. ಏಕಾದಶಿಗೆ ನೀರು ಸಹ ಕುಡಿಯುವುದಿಲ್ಲ. ವಿಧವೆಯರು ಮಾಡಲೇಬೇಕು ಅನ್ನುತ್ತಾರೆ. ಏನು ಹೇಳಲಿ?

ಉತ್ತರ: ಈ ಪತ್ರ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡುತ್ತೇನೆ. ಅಂಬುಬಾಚಿ ಆಷಾಢದಲ್ಲಿ, ಜೂನ್ 22ರ ಸುಮಾರಿಗೆ ಶುರುವಾಗುತ್ತದೆ. ಸೂರ್ಯ ಆರ್ದ್ರಾ ನಕ್ಷತ್ರಕ್ಕೆ ಬರುವ ಹೊತ್ತು. ಭೂಮಿ ತಾಯಿ ಮುಟ್ಟಾಗುತ್ತಾಳೆ ಎಂಬ ನಂಬಿಕೆ. ಉಳುವುದಿಲ್ಲ, ಅಗೆಯುವುದಿಲ್ಲ. ಅಸ್ಸಾಮಿನ ಕಾಮಾಖ್ಯ ಗುಡಿಯ ಬಾಗಿಲು ಆಗ ಮುಚ್ಚಿರುತ್ತದೆ. ಬಂಗಾಳದಲ್ಲಿ ವಿಧವೆಯರು ಈ ದಿನಗಳಲ್ಲಿ ಹಣ್ಣು, ಹಾಲು, ನೆನೆಸಿದ ಕಾಳಿನ ಮೇಲೆ ಇರುತ್ತಿದ್ದರು.

ಮೇಲ್ಜಾತಿಯ ಬಂಗಾಳಿ ವಿಧವೆಯರ ಮೇಲೆ ಹೇರಿದ ನಿಯಮಗಳು ಬಹಳ ಕಠಿಣ. ಮೀನಿಲ್ಲ, ಮಾಂಸವಿಲ್ಲ, ಈರುಳ್ಳಿ ಇಲ್ಲ, ಮಸೂರ್ ಬೇಳೆಯೂ ಇಲ್ಲ, ದಿನಕ್ಕೆ ಒಂದೇ ಹೊತ್ತು ಅನ್ನ, ಏಕಾದಶಿಗೆ ನೀರೂ ಇಲ್ಲ. ಎಂಟು ವರ್ಷದ ಹುಡುಗಿ ವಿಧವೆಯಾದರೂ ಇದೇ. ಈಶ್ವರಚಂದ್ರ ವಿದ್ಯಾಸಾಗರರು ಇದನ್ನು ಕಣ್ಣಾರೆ ನೋಡಿದ್ದರಿಂದಲೇ ಶಾಸ್ತ್ರವನ್ನೇ ತೆರೆದು ವಾದಿಸಿದರು, 1856ರಲ್ಲಿ ವಿಧವಾ ವಿವಾಹದ ಕಾಯ್ದೆ ಬಂತು. ಕಾಯ್ದೆ ಬಂದರೂ ಅಡುಗೆಮನೆ ಬದಲಾಗಲು ಇನ್ನೂ ನೂರು ವರ್ಷ ಹಿಡಿಯಿತು. ಹೆಂಡತಿ ಸತ್ತ ಗಂಡಸಿಗೆ ಇಂಥ ಒಂದು ನಿಯಮವೂ ಇಲ್ಲ. ನನಗೆ ಇದು ವ್ರತವಾಗಿ ಕಾಣುವುದಿಲ್ಲ, ಶಿಕ್ಷೆಯಾಗಿಯೇ ಕಾಣುತ್ತದೆ, ಅದನ್ನು ಮುಚ್ಚಿಡಲಾರೆ.

ಆದರೆ ಅಜ್ಜಿಯ ಮುಂದೆ ಹೀಗೆ ಹೇಳಿ ಪ್ರಯೋಜನ ಇಲ್ಲ. ಅವರು ಇಷ್ಟು ವರ್ಷ ಇದರಲ್ಲೇ ಬದುಕಿದ್ದಾರೆ, ಅದು ಅವರ ಹೆಮ್ಮೆ ಕೂಡ. ಅವರ ಭಾಷೆಯಲ್ಲೇ ಹೇಳಿ. ನೀರು, ಗೆಡ್ಡೆಗೆಣಸು, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ, ಈ ಎಂಟರಿಂದ ವ್ರತ ಕೆಡುವುದಿಲ್ಲ ಎಂದು ಹಳೇ ಶ್ಲೋಕವೇ ಇದೆ. ಮನೆಗೆ ಬರುವ ಪುರೋಹಿತರಿಗೆ ಇದು ಗೊತ್ತಿರುತ್ತದೆ, ಅವರ ಬಾಯಿಂದಲೇ ಹೇಳಿಸಿ. ನೀರು ಕುಡಿಯಲಿ, ಮಾತ್ರೆ ತೆಗೆದುಕೊಳ್ಳಲಿ. ಅಂಬುಬಾಚಿಗೆ ಬರೀ ಮಾವು, ಬಾಳೆಹಣ್ಣು ಕೊಟ್ಟರೆ ಸಕ್ಕರೆ ಏರುತ್ತದೆ. ಹಾಲು, ಮೊಸರು, ನೆನೆಸಿದ ಹೆಸರುಕಾಳು, ಸೌತೆಕಾಯಿ ಜಾಸ್ತಿ ಇಡಿ. ಇನ್ಸುಲಿನ್ ಅಥವಾ ಮಾತ್ರೆಯ ಪ್ರಮಾಣ ಆ ದಿನಗಳಲ್ಲಿ ಬದಲಾಗಬೇಕಾ ಎಂದು ಡಾಕ್ಟರನ್ನು ಮುಂಚೆಯೇ ಕೇಳಿ. ಹಸಿದಿರುವಾಗ ಸಕ್ಕರೆ ದಿಢೀರ್ ಇಳಿಯುವುದು ಏರುವುದಕ್ಕಿಂತ ಅಪಾಯ. ಬೆವರು, ನಡುಕ, ಮಾತು ತೊದಲುವುದು ಕಂಡರೆ ತಕ್ಷಣ ಸಕ್ಕರೆ ನೀರು ಕೊಡಿ, ವ್ರತದ ಮಾತು ಆಮೇಲೆ.

ಪ್ರಶ್ನೆ: ತಮ್ಮ ಕೋಲ್ಕತ್ತಾದಲ್ಲಿ, ನಾನು ಇಲ್ಲಿ. ಭಾಯ್ ಫೋಟಾ ಹೇಗೆ ಮಾಡಲಿ?

ಉತ್ತರ: ತಮ್ಮ ದೂರ ಇದ್ದರೆ ಅವನ ಹೆಸರು ಹೇಳಿ ಗೋಡೆಗೆ ಗಂಧದ ಬೊಟ್ಟು ಇಡುವ ಪದ್ಧತಿ ಬಂಗಾಳದಲ್ಲೇ ಇದೆ. ಕಾರ್ತಿಕ ಶುದ್ಧ ಬಿದಿಗೆ, ಬೊಟ್ಟು ಇಡುವವರೆಗೆ ಅಕ್ಕ ಏನೂ ತಿನ್ನುವುದಿಲ್ಲ. ತಮ್ಮನ ಹಣೆಗೆ ಬೊಟ್ಟು ಇಟ್ಟೆ, ಯಮನ ಬಾಗಿಲಿಗೆ ಮುಳ್ಳು ಬಿತ್ತು ಎಂಬ ಪದವನ್ನು ಫೋನಿನಲ್ಲೇ ಹೇಳಿ. ಅವನು ಅಲ್ಲಿ ಸಿಹಿ ತಿನ್ನಲಿ.

ಪ್ರಶ್ನೆ: ನಾವು ಬಂಗಾಳಿಗಳು, ಈಗ ಬೆಂಗಳೂರಿನಲ್ಲಿದ್ದೇವೆ. ಕನ್ನಡ ಓದಲು ಕಲಿತಿದ್ದೇವೆ! ಕೋಲ್ಕತ್ತಾದ ಪಂಜಿಕಾ ಇಲ್ಲಿ ನಡೆಯುತ್ತದಾ?

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಬಹುಪಾಲು ನಡೆಯುತ್ತದೆ. ತಿಥಿ ಶುರುವಾಗುವ, ಮುಗಿಯುವ ಗಳಿಗೆ ಎಲ್ಲ ಕಡೆ ಒಂದೇ, ಹಾಗಾಗಿ ಸಂಧಿ ಪೂಜೆಗೆ ಪಂಜಿಕಾ ಹೇಳಿದ ಸಮಯವೇ ಇಲ್ಲೂ. ಸೂರ್ಯೋದಯ ಮಾತ್ರ ಬೇರೆ. ಜೂನ್‌ನಲ್ಲಿ ಕೋಲ್ಕತ್ತಾದಲ್ಲಿ ಇಲ್ಲಿಗಿಂತ ಸುಮಾರು ಒಂದು ಗಂಟೆ ಮುಂಚೆ ಬೆಳಗಾಗುತ್ತದೆ, ಡಿಸೆಂಬರ್‌ನಲ್ಲಿ ಅರ್ಧ ಗಂಟೆಗೂ ಕಡಿಮೆ. ತಿಥಿ ಈ ಸಂದಿಯಲ್ಲಿ ಮುಗಿದರೆ ಅಲ್ಲಿ ಒಂದು ತಿಥಿ, ಇಲ್ಲಿ ಮುಂದಿನ ತಿಥಿ. ವರ್ಷದಲ್ಲಿ ಕೆಲವು ದಿನ ಹೀಗಾಗುತ್ತದೆ. ಆಗ ಹಬ್ಬವನ್ನು ಊರಿನ ಮನೆಯವರ ಜೊತೆಯೇ ಮಾಡಿ, ನಾನೂ ಹಾಗೇ ಮಾಡುತ್ತೇನೆ. ಏಕಾದಶಿಯ ಪಾರಣೆಯ ಹೊತ್ತನ್ನು ಮಾತ್ರ ಬೆಂಗಳೂರಿನ ಸೂರ್ಯೋದಯ ನೋಡಿ ಲೆಕ್ಕ ಹಾಕಿ, ಪಂಜಿಕಾದಲ್ಲಿ ಅಚ್ಚಾಗಿರುವ ಸಮಯ ಕೋಲ್ಕತ್ತಾದ್ದು.